ಕಡಲಕಳೆಗೂ ಬೇಕು ಒಂದು ಖಾತೆ ಪುಸ್ತಕ

ಕಿರಾಣಿ ಅಂಗಡಿ ಮಾಲೀಕರೇ, ಒಂದು ಸಲ ಹಿಂದೆ ತಿರುಗಿ ನಿಮ್ಮದೇ ಕಪಾಟು ನೋಡಿ. ಗಸಗಸೆ, ಏಲಕ್ಕಿ, ಕಸ್ಟರ್ಡ್ ಪುಡಿಗಳ ಸಾಲಿನಲ್ಲಿ ‘ಚೈನಾ ಗ್ರಾಸ್’ ಅಂತ ಬರೆದ ಹಗುರ ಪೊಟ್ಟಣವೊಂದು ಇದ್ದೀತು. ಹಬ್ಬಕ್ಕೆ, ಮಕ್ಕಳ ಹುಟ್ಟುಹಬ್ಬಕ್ಕೆ ಖರ್ಚಾಗುವ ಮಾಲು. ಹೆಸರಿನಲ್ಲಿ ಹುಲ್ಲಿದೆ, ಪೊಟ್ಟಣದಲ್ಲಿ ಹುಲ್ಲಿಲ್ಲ. ಕಡಲಿನ ಪಾಚಿಯನ್ನು ಬೇಯಿಸಿ ತೆಗೆದ ಅಂಟು ಅದು. ಅಗರ್ ಅಂತ ಅದರ ಅಸಲು ಹೆಸರು. ತಮಿಳುನಾಡಿನ ರಾಮನಾಥಪುರದ ಕಡೆ ಹೆಂಗಸರು ಕಡಲಿಗಿಳಿದು, ಮುಳುಗಿ, ಈ ಪಾಚಿ ಕಿತ್ತು ತಂದು ಹೊಟ್ಟೆ ಹೊರೆಯುತ್ತಾರೆ. ಆಸ್ಪತ್ರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಗಾಜಿನ ತಟ್ಟೆಯಲ್ಲಿ ಇರುವುದೂ ಇದೇ ಅಂಟು. ಐಸ್‌ಕ್ರೀಮು, ಟೂತ್‌ಪೇಸ್ಟು ಗಟ್ಟಿ ನಿಲ್ಲಲು ಹಾಕುವುದು ಇನ್ನೊಂದು ಜಾತಿ ಪಾಚಿಯ ಅಂಟು.

ಇಷ್ಟೆಲ್ಲ ಆದರೂ ನಾವು ಅದಕ್ಕೆ ಇಟ್ಟ ಹೆಸರು ಕಡಲಕಳೆ! ಗದ್ದೆಯಲ್ಲಿದ್ದರೆ ಕಳೆ ಕಿತ್ತೆಸೆಯುವ ವಸ್ತು, ಮುಖದಲ್ಲಿದ್ದರೆ ಅದೇ ಕಳೆ ಹೊಗಳಿಕೆಯ ಮಾತು. ಕಡಲಿನದು ಯಾವ ಕಳೆ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ವಿಷಯಕ್ಕೆ ಬರೋಣ. ಕಾರವಾರದ ಬೈತಕೋಲದ ಕಡೆ, ಅಮಾವಾಸ್ಯೆ ಹುಣ್ಣಿಮೆಗಳ ಹಿಂದೆ ಮುಂದೆ ನೀರು ಪೂರಾ ಇಳಿದ ಹೊತ್ತಿನಲ್ಲಿ, ಪ್ಯಾಂಟು ಮಡಚಿಕೊಂಡು ಬಂಡೆ ಕೆರೆಯುವ ಕಾಲೇಜು ಹುಡುಗರನ್ನು ನೀವು ನೋಡಿರಬಹುದು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದರಿಂದ ಈ ಊರಿಗೆ ಇಂಥವರು ಹೊಸಬರಲ್ಲ. ಒಂದು ದಿನ ಅಲ್ಲಿ ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬಳು ನಿಂತು ಕೇಳಿಯೇಬಿಟ್ಟಳು:

‘ಎಂತಕ್ಕೆ ತಮಾ ಇದು? ತಿನ್ನೂಕೂ ಬರೂದಿಲ್ಲ, ಮಾರೂಕೂ ಬರೂದಿಲ್ಲ.’

‘ಒಣಗಿಸಿ ಇಡೂಕೆ ಅಕ್ಕಾ.’

‘ಇಟ್ಟು?’

ಹುಡುಗ ತಲೆ ಕೆರೆದುಕೊಂಡು ನಕ್ಕ. ಅವನ ಪರವಾಗಿ ಉತ್ತರ ಕೊಡುವುದು ಈ ವಾರದ ನಮ್ಮ ಕೆಲಸ.

ಕಿತ್ತರೆ ಸಾಲದು

ಪಾಚಿ ಕೀಳುವುದಕ್ಕೂ ಒಂದು ಕ್ರಮ ಉಂಟು. ಅದಕ್ಕೆ ಬೇರಿಲ್ಲ. ಬೇರಿನ ಜಾಗದಲ್ಲಿ ಬಂಡೆಗೆ ಕಚ್ಚಿಕೊಳ್ಳುವ ಒಂದು ಹಿಡಿ ಇರುತ್ತದೆ. ಎಲೆಯಂಥ ಭಾಗವನ್ನು ಮಾತ್ರ ಹರಿದು ತಂದರೆ ಅರ್ಧ ಗುರುತು ಅಲ್ಲೇ ಉಳಿಯಿತು. ಆದ್ದರಿಂದ ಚಾಕುವಿನಿಂದ ಬುಡ ಸಮೇತ ಬಿಡಿಸಬೇಕು. ಹಾಗಂತ ಬಂಡೆ ಬೋಳು ಮಾಡಬಾರದು. ಒಂದೆರಡು ಗಿಡ ಸಾಕು. ದಂಡೆಗೆ ತೇಲಿ ಬಂದು ಬಿದ್ದ ಪಾಚಿಯನ್ನೂ ಎತ್ತಿಕೊಳ್ಳಬಹುದು, ಆದರೆ ಅದು ತೇಲಿ ಬಂದದ್ದು ಅಂತ ಬರೆಯಲೇಬೇಕು. ಎಲ್ಲಿ ಬೆಳೆದದ್ದೋ ಯಾರಿಗೆ ಗೊತ್ತು?

ಹಸಿರು ಪ್ಲಾಸ್ಟಿಕ್ ಹಾಳೆಯ ಹಾಗಿರುವ ಉಲ್ವಾ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಪಡೀನಾ, ಸಣ್ಣ ಸಣ್ಣ ಗಾಳಿಗುಂಡು ಕಟ್ಟಿಕೊಂಡ ಕಂದು ಸರ್ಗಾಸಮ್, ಕೆಂಪು ಗ್ರಾಸಿಲೇರಿಯಾ – ಒಂದೊಂದನ್ನು ಒಂದೊಂದು ಚೀಲದಲ್ಲಿ, ಅದೇ ಕಡಲ ನೀರು ಹಾಕಿ, ಒಳಗೆ ಒಂದು ಚೀಟಿ ಹಾಕಿ ಕಟ್ಟಬೇಕು. ಚೀಟಿ ಬರೆಯುವುದು ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಉಪ್ಪುನೀರಿನಲ್ಲಿ ಕದಡಿ ಹೋಗುತ್ತದೆ. ಬಿಸಿಲಿಗೆ ಬಿಟ್ಟರೆ ಮಾಲು ಕೊಳೆಯುತ್ತದೆ. ಮೀನು ಒಯ್ಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆ ತಂದ ಮೇಲೆ ಅಗಲ ತಟ್ಟೆಯೊಂದರಲ್ಲಿ ಕಡಲ ನೀರು ಹಾಕಿ, ಅದರೊಳಗೆ ದಪ್ಪ ಬಿಳಿ ಹಾಳೆ ಮುಳುಗಿಸಿ, ಅದರ ಮೇಲೆ ಪಾಚಿಯನ್ನು ತೇಲಬಿಡುತ್ತಾರೆ. ನೀರಲ್ಲಿ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೂದಲು ಬಾಚಿದ ಹಾಗೆ ಬಣ್ಣದ ಕುಂಚದಿಂದ ಎಳೆ ಎಳೆ ಹರಡಿ, ಹಾಳೆಯನ್ನು ಓರೆ ಮಾಡಿ ಮೆಲ್ಲಗೆ ಎತ್ತಬೇಕು. ಇಲ್ಲಿ ಅವಸರ ಮಾಡಿದವರ ಪಾಚಿ ಒಂದು ಮೂಲೆಗೆ ಉಂಡೆ ಕಟ್ಟುತ್ತದೆ. ಎತ್ತಿದ ಹಾಳೆಯ ಮೇಲೆ ತೆಳು ಮಲ್ಲು ಬಟ್ಟೆ, ಅದರ ಮೇಲೆ ಹಳೆ ಪೇಪರು, ಮತ್ತೆ ಹಾಳೆ, ಮತ್ತೆ ಬಟ್ಟೆ. ಹೀಗೆ ಪೇರಿಸಿ ಹಲಗೆ ಇಟ್ಟು ಮೇಲೆ ಕಲ್ಲು ಹೇರುವುದು. ಒದ್ದೆ ಪೇಪರನ್ನು ದಿನಾ ಬದಲಾಯಿಸಬೇಕು. ಮೊದಲ ಎರಡು ದಿನ ಎರಡು ಹೊತ್ತೂ ಬದಲಾಯಿಸಿದರೆ ಒಳ್ಳೆಯದು. (ಓದಿ ಮುಗಿದ ಸಂಜೆ ಪತ್ರಿಕೆಗೆ ಪೊಟ್ಟಣ ಕಟ್ಟುವುದನ್ನು ಬಿಟ್ಟು ಬೇರೆ ಉಪಯೋಗವೂ ಉಂಟು ಅಂತ ಇದರಿಂದ ಸಿದ್ಧವಾಯಿತು!) ಒಂದು ವಾರದಲ್ಲಿ ಪಾಚಿ ಹಾಳೆಗೆ ಅಂಟಿ ಕೂತಿರುತ್ತದೆ. ಗೋಂದು ಬೇಡ. ಚೈನಾ ಗ್ರಾಸಿಗೆ ಬರುವ ಅಂಟಿನಂಥದೇ ಅದರ ಮೈಯಲ್ಲಿದೆಯಲ್ಲ, ಅದೇ ಸಾಕು. ಸರ್ಗಾಸಮ್‌ನಂಥ ಒರಟು ಜಾತಿಗೆ ಮಾತ್ರ ಸೂಜಿ ದಾರ ಹಿಡಿಯಬೇಕು.

ಸೀಸೆಯಲ್ಲಿ ಇಡುವ ಪದ್ಧತಿಯೂ ಇದೆ. ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ಕಡಲ ನೀರು. 2018ರಲ್ಲಿ ಮೀನಿಗೆ ಹಾಕುತ್ತಾರೆ ಅಂತ ಗೋವೆಯಲ್ಲಿ ಗದ್ದಲ ಎದ್ದಿತಲ್ಲ, ಅದೇ ಫಾರ್ಮಲಿನ್. ವಿಷ. ಮನೆಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಇಡತಕ್ಕದ್ದಲ್ಲ. ಅದರಲ್ಲಿಟ್ಟರೆ ಆಕಾರ ಉಳಿಯುತ್ತದೆ. ಆದರೆ ಬೆಳಕು ತಾಗಿದರೆ ಬಣ್ಣ ಹೋಗುತ್ತದೆ, ಡಿಎನ್‌ಎ ಪರೀಕ್ಷೆಗೂ ಅದು ಕೆಟ್ಟ ಹಾಗೆಯೇ ಲೆಕ್ಕ. ಅದಕ್ಕಾಗಿ ಈಗಿನವರು ಗಿಡದ ಒಂದು ಚೂರನ್ನು ಸಿಲಿಕಾ ಜೆಲ್‌ನಲ್ಲಿ ಹಾಕಿ ಬೇಗ ಒಣಗಿಸಿ ಬೇರೆ ಇಡುತ್ತಾರೆ. ಚಪ್ಪಲಿ ಅಂಗಡಿಯವರಿಗೆ ಈ ಸಾಮಾನು ಗೊತ್ತು. ಹೊಸ ಬೂಟಿನ ಡಬ್ಬಿಯಲ್ಲಿ ಬರುವ, ‘ತಿನ್ನಬೇಡಿ’ ಅಂತ ಬರೆದ ಸಣ್ಣ ಚೀಲದೊಳಗಿನ ಹರಳೇ ಅದು.

ಒಟ್ಟು ಖರ್ಚು ಎಷ್ಟಾಯಿತು? ಹಾಳೆ, ಬಟ್ಟೆ, ಪೆನ್ಸಿಲು, ನುಸಿಗುಳಿಗೆ. ನಾಲ್ಕು ಜನ ಹೋಟೆಲಿನಲ್ಲಿ ಕೂತು ಎದ್ದಷ್ಟೂ ಆಗುವುದಿಲ್ಲ.

ಚೀಟಿ ಹೋದರೆ ಎಲ್ಲ ಹೋಯಿತು

ಇಷ್ಟು ಕಷ್ಟಪಟ್ಟು ಒಣಗಿಸಿದ ಹಾಳೆಯ ಬೆಲೆ ಇರುವುದು ಪಾಚಿಯಲ್ಲಿ ಅರ್ಧ, ಬಲಗಡೆ ಕೆಳಮೂಲೆಯ ಚೀಟಿಯಲ್ಲಿ ಅರ್ಧ. ಯಾವ ಊರು, ಯಾವ ಬಂಡೆ, ಯಾವ ತಾರೀಖು, ನೀರಿನ ಯಾವ ಮಟ್ಟ, ಕಿತ್ತವರು ಯಾರು, ಹೆಸರು ಗುರುತಿಸಿದವರು ಯಾರು, ಸಂಗ್ರಹದ ನಂಬರು ಎಷ್ಟು. ಅದೇ ನಂಬರು ಜೇಬಿನ ನೋಟುಪುಸ್ತಕದಲ್ಲಿಯೂ ಇರಬೇಕು, ಸಂಗ್ರಹಾಲಯದ ರಿಜಿಸ್ಟರಿನಲ್ಲಿಯೂ ಇರಬೇಕು. ಬಿಲ್ಲು, ಚಲನು, ಖಾತೆ ಮೂರೂ ತಾಳೆಯಾಗಬೇಕು ಅಂತೀರಲ್ಲ, ಅದೇ ಶಿಸ್ತು.

ಹೆಸರು ಹೇಳಬಾರದ ಒಂದು ಕಾಲೇಜಿನ ಕಪಾಟನ್ನು ನಾವು ಕಂಡದ್ದುಂಟು. ಒಳಗೆ ಚಂದ ಒಣಗಿದ ಪಾಚಿ ಹಾಳೆಗಳ ಕಟ್ಟು. ಮೂಲೆಯ ಚೀಟಿಗಳನ್ನು ಹುಳ ತಿಂದಿತ್ತು, ಉಳಿದವುಗಳ ಶಾಯಿ ಅಳಿಸಿತ್ತು. ‘ಎಲ್ಲಿಯದು ಸಾರ್?’ ಅಂದರೆ ‘ಸಮುದ್ರದ್ದು’ ಅಂತ ಉತ್ತರ ಬಂತು. ಅರಬ್ಬೀ ಸಮುದ್ರ ಕಾರವಾರದಿಂದ ಆಫ್ರಿಕಾದವರೆಗೆ ಇದೆ ಸ್ವಾಮಿ! ಅಂಥ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಪಾಠಕ್ಕೆ ಬರುವುದಿಲ್ಲ.

ನಮ್ಮ ಕರಾವಳಿಯ ಹವೆಯೂ ಇದಕ್ಕೆ ಶತ್ರು. ಮಳೆಗಾಲದಲ್ಲಿ ಬೆಂಕಿಪೊಟ್ಟಣವೇ ಹತ್ತದ ಊರಿನಲ್ಲಿ ಉಪ್ಪಿನ ಅಂಶ ಇರುವ ಪಾಚಿ ಹಾಳೆ ತೇವ ಹೀರದೆ ಇರುತ್ತದೆಯೇ? ಬೂಸ್ಟು ಹಿಡಿಯುತ್ತದೆ. ಹಿಂದೆ ಹುಳಕ್ಕೆ ಅಂತ ಪಾದರಸದ ವಿಷ ಹಚ್ಚುತ್ತಿದ್ದರು, ಅದು ಹುಳಕ್ಕೂ ವಿಷ, ಹಾಳೆ ಮುಟ್ಟುವವರಿಗೂ ವಿಷ. ಮುಚ್ಚಿದ ಕಪಾಟು, ಒಣಹವೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಒಬ್ಬ ಮನುಷ್ಯ, ಇವಿಷ್ಟೇ ಬೇಕಾದದ್ದು. ಮೂರನೆಯದೇ ಸಿಗುವುದು ಕಷ್ಟ.

ಇನ್ನೊಂದು ಮಾತು. ಹೆಸರು ತಪ್ಪಾಗಿದೆ ಅಂತ ಮುಂದೆ ಯಾರಾದರೂ ಕಂಡುಹಿಡಿದರೆ ಹಳೆ ಚೀಟಿ ಹರಿಯುವಂತಿಲ್ಲ, ಅದರ ಮೇಲೆ ಗೀಟು ಎಳೆಯುವಂತೆಯೂ ಇಲ್ಲ. ಹೊಸ ಹೆಸರು, ತನ್ನ ಹೆಸರು, ತಾರೀಖು ಬರೆದ ಇನ್ನೊಂದು ಚೀಟಿಯನ್ನು ಪಕ್ಕದಲ್ಲಿ ಅಂಟಿಸಬೇಕು. ಜಮೀನಿನ ದಾಖಲೆಯಲ್ಲಿ ಅಜ್ಜನ ಹೆಸರು, ಅಪ್ಪನ ಹೆಸರು, ಮಗನ ಹೆಸರು ಸಾಲಾಗಿ ಬರುವಂತೆ. ಎಂಟೆರೋಮಾರ್ಫಾ ಅಂತ ಒಂದು ಹಸಿರು ಪಾಚಿಯ ಕುಲವೇ ಇತ್ತು, ಕೊಳವೆಯಂಥದು. 2003ರಲ್ಲಿ ಡಿಎನ್‌ಎ ನೋಡಿ ಅದೂ ಉಲ್ವಾ ಕುಲಕ್ಕೇ ಸೇರಿದ್ದು ಅಂತ ತೀರ್ಮಾನ ಬಂತು. ಪುಸ್ತಕದಲ್ಲಿ ಹೆಸರು ಹೋಯಿತು. ಕಪಾಟಿನ ಹಾಳೆ ಎಲ್ಲಿಗೂ ಹೋಗಲಿಲ್ಲ, ಅದರ ಮೇಲೆ ಒಂದು ಚೀಟಿ ಹೆಚ್ಚಾಯಿತು.

ಒಂದೇ ಗಿರಾಕಿ, ಎರಡು ಖಾತೆ

ಈ ಲೆಕ್ಕದ ಪುಸ್ತಕದಿಂದ ಯಾರ ಹೊಟ್ಟೆ ತುಂಬಿತು ಎಂದು ಕೇಳುವವರಿಗೆ ಜಪಾನಿನ ಕತೆ ಹೇಳಬೇಕು. ಅಲ್ಲಿನವರು ಅನ್ನವನ್ನು ಸುತ್ತಿ ತಿನ್ನುವ ಕಪ್ಪು ಹಾಳೆ ಇದೆಯಲ್ಲ, ನೋರಿ, ಅದು ಪಾರ್ಫೈರಾ ಎಂಬ ಪಾಚಿ. ಶತಮಾನಗಳಿಂದ ಬೆಳೆಯುತ್ತಿದ್ದರು. ಆದರೆ ಬೇಸಿಗೆಯಲ್ಲಿ ಅದು ಮಾಯವಾಗುತ್ತಿತ್ತು, ಚಳಿಗಾಲಕ್ಕೆ ಮತ್ತೆ ಬರುತ್ತಿತ್ತು. ನಡುವೆ ಎಲ್ಲಿ ಹೋಗುತ್ತದೆ ಅಂತ ಒಬ್ಬರಿಗೂ ತಿಳಿಯದು. ಬಿತ್ತನೆ ಬೀಜವೇ ಗೊತ್ತಿಲ್ಲದ ಬೇಸಾಯ! ಬಂದ ವರ್ಷ ಬಂತು, ಬಾರದ ವರ್ಷ ಹಣೆಬರಹ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ಹೆಣ್ಣುಮಗಳು ಪಾಚಿಯನ್ನೇ ಓದುತ್ತಿದ್ದಳು. 1928ರಲ್ಲಿ ಮದುವೆಯಾದ ತಪ್ಪಿಗೆ ವಿಶ್ವವಿದ್ಯಾಲಯದ ಅಧ್ಯಾಪಕಿ ಕೆಲಸ ಹೋಯಿತು. ಮದುವೆಯಾದ ಹೆಂಗಸರಿಗೆ ಅಲ್ಲಿ ಆಗ ನೌಕರಿ ಇರಲಿಲ್ಲ. ಸಂಬಳವಿಲ್ಲದೆ ಸಂಶೋಧನೆ ಮುಂದುವರಿಸಿದಳು. ಕಪ್ಪೆಚಿಪ್ಪಿನೊಳಗೆ ಕೊರೆದುಕೊಂಡು ಬೆಳೆಯುವ ಗುಲಾಬಿ ಬಣ್ಣದ ಒಂದು ಸಣ್ಣ ಪಾಚಿಗೆ ಪಂಡಿತರು 1892ರಲ್ಲೇ ಕಾಂಕೋಸೆಲಿಸ್ ರೋಸಿಯಾ ಅಂತ ಬೇರೆ ಹೆಸರು, ಬೇರೆ ಪುಟ ಕೊಟ್ಟಿದ್ದರು. ಇದು ಬೇರೆ ಗಿಡವಲ್ಲ, ಪಾರ್ಫೈರಾ ಬಾಳಿನ ಇನ್ನೊಂದು ಅವಸ್ಥೆ ಅಂತ 1949ರಲ್ಲಿ ಆಕೆ ತೋರಿಸಿಕೊಟ್ಟಳು. ಉದ್ರಿ ಪುಸ್ತಕದಲ್ಲಿ ಒಬ್ಬನೇ ಗಿರಾಕಿ ಎರಡು ಹೆಸರಿನಲ್ಲಿ ಖಾತೆ ತೆರೆದಿದ್ದನ್ನು ಹಿಡಿದ ಹಾಗೆ!

ಜಪಾನಿನ ವಿಜ್ಞಾನಿಗಳು ಅದೇ ಜಾಡು ಹಿಡಿದರು. ತೊಟ್ಟಿಯಲ್ಲಿ ಚಿಪ್ಪಿಟ್ಟು, ಅದರಲ್ಲಿ ಬೀಜ ಮಾಡಿ, ಬಲೆಗೆ ಬಿತ್ತುವ ಬೇಸಾಯ ಶುರುವಾಯಿತು. ಆಕೆ 1957ರಲ್ಲಿ ತೀರಿಕೊಂಡಳು. ಜಪಾನಿಗೆ ಒಮ್ಮೆಯೂ ಹೋದವಳಲ್ಲ. ಆದರೂ 1963ರಲ್ಲಿ ಕುಮಮೋಟೊ ಪ್ರಾಂತ್ಯದ ಉಟೊ ಎಂಬಲ್ಲಿ ಅವಳ ಸ್ಮಾರಕ ಎದ್ದಿತು. ಪ್ರತಿ ಏಪ್ರಿಲ್ 14ಕ್ಕೆ ಅಲ್ಲಿ ಅವಳ ನೆನಪಿನ ದಿನ ನಡೆಯುತ್ತದೆ.

ಎರಡನೆಯ ಕತೆ ಅಮೆರಿಕದ್ದು, ನಮ್ಮ ಮೀನುಪೇಟೆಗೆ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ತಾರ್ಲೆಯ ಬಳಗದ ಮೀನು ರಾಶಿ ರಾಶಿ ಬೀಳುತ್ತಿತ್ತು, ಡಬ್ಬಿ ಕಾರ್ಖಾನೆಗಳ ಬೀದಿಯೇ ಇತ್ತು. 1940ರ ದಶಕದ ಕೊನೆಗೆ ಮೀನು ಕೈಕೊಟ್ಟಿತು, ಬೀದಿ ಬಿಕೋ ಎಂದಿತು. ಕಡಲಾಳದ ತಣ್ಣನೆ ನೀರು ಗೊಬ್ಬರದ ಸಾರ ಹೊತ್ತು ಮೇಲೆ ಬಂದರೆ ಇಂಥ ಮೀನಿಗೆ ಸುಗ್ಗಿ. ನಮ್ಮ ಕಡಲಲ್ಲೂ ಮಳೆಗಾಲದಲ್ಲಿ ಹಾಗೆ ನೀರು ಮೇಲೇಳುವುದುಂಟು. ಮಾಂಟೆರಿಯಲ್ಲಿ ಆ ನೀರಿನ ಲೆಕ್ಕ ಇದ್ದದ್ದು 1946ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದು? ಅಲ್ಲಿನ ವಿಜ್ಞಾನಿಗಳು ಕಪಾಟು ತೆರೆದರು. 1878ರಿಂದ ಯಾರ್ಯಾರೋ ಕಿತ್ತು ಒಣಗಿಸಿಟ್ಟ ಜೆಲಿಡಿಯಮ್ ಹಾಳೆಗಳಿದ್ದವು – ಅಗರ್ ಕೊಡುವ ಬಳಗದ ಪಾಚಿಯೇ. ಒಂದೊಂದರಿಂದ ಚೂರು ತೆಗೆದು ಅದರೊಳಗಿನ ಸಾರಜನಕ ಪರೀಕ್ಷಿಸಿದರು. ಆಯಾ ವರ್ಷದ ನೀರಿನ ಗುಣ ಆಯಾ ಹಾಳೆಯಲ್ಲಿ ಕೂತಿತ್ತು. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕ 140 ವರ್ಷದ್ದು. 1878ರಲ್ಲಿ ಪಾಚಿ ಕಿತ್ತವರಿಗೆ ಮೀನಿನ ಯೋಚನೆಯೂ ಇರಲಿಲ್ಲ, ಸಾರಜನಕದ ಪರೀಕ್ಷೆಯೂ ಗೊತ್ತಿರಲಿಲ್ಲ. ಊರು, ತಾರೀಖು ಬರೆದಿದ್ದರು. ಅಷ್ಟೇ.

ಮೀನಿನ ಬುಟ್ಟಿಯ ಅಕ್ಕನಿಗೆ ಉತ್ತರ ಸಿಕ್ಕಿತೆಂದು ಭಾವಿಸುತ್ತೇವೆ. ಈ ವರ್ಷ ತಾರ್ಲೆ ಯಾಕಿಲ್ಲ, ಬಂಗಡೆ ಯಾಕೆ ಸಣ್ಣದು ಅಂತ ಬಂದರಿನಲ್ಲಿ ದಿನಾ ಚರ್ಚೆ ಮಾಡುತ್ತೇವಲ್ಲ, ಅದಕ್ಕೆ ಸಾಕ್ಷಿ ಹೇಳುವ ಹಾಳೆ ನಮ್ಮಲ್ಲಿ ಎಷ್ಟಿವೆ?

ಬಸ್ಸಿನ ಕಿಟಕಿಯಿಂದ

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋಗುವವರು ಬಲಗಡೆ ಕಿಟಕಿಗೆ ಕೂತರೆ ಬಿಣಗಾ, ಅರಗಾ ದಾಟುವಾಗ ಏನು ಕಾಣುತ್ತದೆ? ಗೋಡೆ, ಮುಳ್ಳುತಂತಿ. 1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕೆಲಸ ಶುರುಮಾಡಿತು. ದೇಶದ ರಕ್ಷಣೆಯ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಊರು ಬಿಟ್ಟು ಎದ್ದವರ ಸಂಕಟದ ಮುಂದೆ ಪಾಚಿ ಯಾವ ಲೆಕ್ಕ ಎಂದು ಕೇಳಿದರೆ ಅದೂ ಸರಿ. ಆದರೆ ಎದ್ದವರ ಹೆಸರು ಕಡತದಲ್ಲಿದೆ, ಜಮೀನಿನ ಸರ್ವೆ ನಂಬರಿದೆ, ಪರಿಹಾರಕ್ಕೆ ಕೋರ್ಟಿಗೆ ಹೋಗಲು ಕಾಗದವಿದೆ. ಆ ಕೊಲ್ಲಿಗಳ ಬಂಡೆಯ ಮೇಲೆ ಏನೇನು ಬೆಳೆಯುತ್ತಿತ್ತು ಎಂಬುದಕ್ಕೆ, ಆಗ ಯಾರಾದರೂ ಕಿತ್ತು, ಚೀಟಿ ಅಂಟಿಸಿ, ಕಪಾಟಿನಲ್ಲಿ ಇಟ್ಟಿದ್ದರೆ ಉಂಟು. ಇಡದಿದ್ದರೆ ಇಲ್ಲ. ಈಗ ಹೋಗಿ ನೋಡಿ ಬರುವ ಜಾಗ ಅದಲ್ಲ.

ನೌಕಾನೆಲೆಯ ಮಾತು ಬಿಡಿ. ಕಡಲು ಕೊರೆಯುತ್ತದೆ ಅಂತ ದಂಡೆಗೆ ಲಾರಿಗಟ್ಟಲೆ ಕಲ್ಲು ಸುರಿಯುವುದು ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ನಡೆದೇ ಇದೆ. ಹೊಸ ಕಲ್ಲಿನ ಮೇಲೂ ಪಾಚಿ ಬರುತ್ತದೆ, ಇಲ್ಲವೆನ್ನುವುದಿಲ್ಲ. ಅದು ಹಿಂದಿನದೇ ಹೌದೋ ಅಲ್ಲವೋ ಎಂದು ಹೇಳಬೇಕಾದರೆ ಹಿಂದಿನದರ ಹಾಳೆ ಬೇಕು.

ಮೇಲಿಂದ ಈಗ ಪಾಚಿ ಬೇಸಾಯದ ಮಾತು ಕೇಳಿಬರುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆಯಲ್ಲಿ ಇದಕ್ಕೆಂದೇ 640 ಕೋಟಿ ರೂಪಾಯಿ ತೋರಿಸಿತು. ಮೀನುಗಾರ ಮನೆಯ ಹೆಂಗಸರಿಗೆ ನಾಲ್ಕು ಕಾಸು ಬರುವುದಾದರೆ ಬರಲಿ, ಸಂತೋಷ. ಬೇಸಾಯಕ್ಕೆ ಮುಖ್ಯವಾಗಿ ಹಿಡಿದಿರುವುದು ಕಪ್ಪಾಫೈಕಸ್ ಎಂಬ ಹೊರದೇಶದ ಪಾಚಿ. ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ 1984ರಲ್ಲಿ ಅದನ್ನು ದೇಶಕ್ಕೆ ತಂದಿತು. ತಮಿಳುನಾಡಿನ ಕುರುಸಡೈ ದ್ವೀಪದ ಬಳಿ ಅದು ಬೇಸಾಯದ ತೆಪ್ಪ ಬಿಟ್ಟು ಹೊರಬಂದು ಹವಳದ ಮೇಲೆ ಹಬ್ಬಿದೆ ಅಂತ 2008ರಲ್ಲಿ ವರದಿ ಬಂತು. ಆ ದ್ವೀಪದ ಪುಣ್ಯ ನೋಡಿ: ಮದ್ರಾಸಿನ ಪ್ರೊಫೆಸರ್ ಎಂ. ಓ. ಪಿ. ಅಯ್ಯಂಗಾರ್ ಅವರು ಅಲ್ಲಿನ ಸಸ್ಯಗಳ ಬಗ್ಗೆ 1927ರಲ್ಲೇ ಮದ್ರಾಸ್ ಮ್ಯೂಸಿಯಮ್ಮಿನ ಪ್ರಕಟಣೆಯಲ್ಲಿ ಬರೆದಿಟ್ಟಿದ್ದಾರೆ. ಮನೆಗೆ ಹೊಸಬ ಬಂದರೆ ಮನೆಯವರು ಯಾರ್ಯಾರೆಂದು ಮೊದಲೇ ಬರೆದಿದೆ. ನಮ್ಮ ಒಂದೊಂದು ಬಂಡೆಗೂ ಅಂಥ ಪಟ್ಟಿ ಬೇಕಲ್ಲ? ಬೇಸಾಯದ ತೆಪ್ಪ ಇಳಿಯುವ ಮೊದಲೇ ಬೇಕು. ಆಮೇಲೆ ಜಗಳ ಬಂದಾಗ ‘ಇದು ಮೊದಲೇ ಇತ್ತು’ ಅನ್ನುವವನೂ ಗೆಲ್ಲುತ್ತಾನೆ, ‘ಇರಲಿಲ್ಲ’ ಅನ್ನುವವನೂ ಗೆಲ್ಲುತ್ತಾನೆ.

ಇಡೀ ದೇಶದ ಕಡಲ ಪಾಚಿಯ ಪಟ್ಟಿ ಇಲ್ಲದಿಲ್ಲ. ಭಾವನಗರದವರು 1970ರಲ್ಲಿ ಒಂದು ಮಾಡಿದರು. 2001ರಲ್ಲಿ ಅದನ್ನೇ ಪರಿಷ್ಕರಿಸಿದಾಗ 844 ಜಾತಿ ಲೆಕ್ಕಕ್ಕೆ ಬಂದವು. ಹೊಸ ಜಾತಿ ಸಿಕ್ಕಿತೆಂದರೆ ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಲೇಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆಯೂ ಹೇಳುತ್ತದೆ. ದೊಡ್ಡ ಪುಸ್ತಕ ದೊಡ್ಡವರು ಇಟ್ಟಿದ್ದಾರೆ. ಗೋಕರ್ಣದ ಬಂಡೆಯದು, ಬೇಲೆಕೇರಿಯದು, ಮುರ್ಡೇಶ್ವರದ್ದು ಅಂತ ವರ್ಷ ವರ್ಷದ ಬಿಡಿ ಚೀಟಿ ಇಡುವುದು ಊರಿನವರಿಂದಲೇ ಆಗಬೇಕಾದ ಕೆಲಸ. ಪ್ರತಿ ಕರಾವಳಿ ತಾಲ್ಲೂಕಿನ ಕಾಲೇಜಿನಲ್ಲಿ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ಮನಸ್ಸು ಮಾಡಿದರೆ ಸಾಕು. ಹುಡುಗರಿಗೆ ಹೇಗೂ ಪ್ರಾಜೆಕ್ಟು ಬೇಕು. ಪೇಟೆಯ ವರ್ತಕರ ಸಂಘದವರು ಒಂದು ಒಳ್ಳೆಯ ಉಕ್ಕಿನ ಕಪಾಟು ಕೊಡಿಸಲಿ, ಬಾಗಿಲ ಮೇಲೆ ಸಂಘದ ಹೆಸರು ಬರೆಸಿಕೊಳ್ಳಲಿ, ಬೇಡ ಅನ್ನುವವರಿಲ್ಲ.

ಹೊರಡುವವರಿಗೆ ವೇಳೆಯ ಬಗ್ಗೆ ಒಂದು ಸೂಚನೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಬೇಸಿಗೆಯವರೆಗೆ, ಹೆಚ್ಚಿನ ಜಾತಿಗಳು ಬಂಡೆಯ ಮೇಲೆ ಸಿಗುತ್ತವೆ. ಆ ತಿಂಗಳುಗಳಲ್ಲಿ ಕೀಳುವವರೂ ಸಿಗುತ್ತಾರೆ. ಜಪಾನಿನವರು ತಿನ್ನುವ ಪಾರ್ಫೈರಾ ಕುಲದ್ದು ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದೆ, ಆದರೆ ಅದು ಮೈದೋರುವುದು ಮಳೆಗಾಲದಲ್ಲಿ, ತೆರೆ ಬಂದು ಅಪ್ಪಳಿಸುವ ಬಂಡೆಗಳ ಮೇಲೆ. ಆಗ ದೋಣಿಗಳೇ ದಡದಲ್ಲಿರುತ್ತವೆ, ಕಾಲೇಜಿನವರು ಎಲ್ಲಿಂದ ಬರಬೇಕು? ಆದ್ದರಿಂದ ಅದರ ಹಾಳೆ ಕಡಿಮೆ. ಹೋಗುವವರು ಒಬ್ಬರೇ ಹೋಗತಕ್ಕದ್ದಲ್ಲ. ಆ ದಂಡೆ ಬಲ್ಲ ಮೀನುಗಾರನೊಬ್ಬನನ್ನು ಕೇಳಿಕೊಂಡು, ಅವನು ‘ಇವತ್ತು ಬೇಡ’ ಅಂದರೆ ವಾಪಸು ಬರಬೇಕು. ‘ಆಗ್ಲಿ’ ಅಂದ ದಿನ ಹಗ್ಗ ಹಿಡಿಯಲು ಇನ್ನೊಬ್ಬ ಬೇಕು. ಬಂಡೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಪೆನ್ಸಿಲು, ಚೀಟಿ ಜೇಬಿನಲ್ಲೇ ಇರಲಿ, ಬರೆಯುವ ಕೆಲಸ ಮೇಲೆ ಬಂದ ಮೇಲೆ. ಸೆಪ್ಟೆಂಬರ್ ಕಳೆಯಿತೋ, ಆ ಬಂಡೆ ಬೋಳು.